ಹೊರಗೆ ಮೂರು, ಒಳಗೆ ಮೂರು

ಬೆಳಗಿನ ಐದೂವರೆ. ಹಿತ್ತಲಿನ ತಂತಿಯ ಮೇಲೆ ಇಪ್ಪತ್ತೆರಡು ಬಿಳಿ ಕೈಗವಸುಗಳು ತೂಗುತ್ತಿವೆ. ಗಾಳಿ ಇಲ್ಲ. ಆದರೂ ಸಾಲಿನ ಕೊನೆಯಲ್ಲಿ ಒಂದೆರಡು ಬೆರಳು ಮೆಲ್ಲಗೆ ಅಲ್ಲಾಡುತ್ತವೆ. ಇಬ್ಬನಿ ತೊಟ್ಟಿಕ್ಕುವುದಕ್ಕೆ ಹಾಗಾಗುತ್ತಿರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಪತ್ರಿಕೆಗೆ ಬರೆಯಲು ಬಂದವನು ನಾನು, ಧೈರ್ಯವಂತರ ಸಾಲಿನವನಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ.

ಮಹಡಿಯ ಮೇಲೆ ದೀಪ ಉರಿಯುತ್ತಿದೆ. ಇಪ್ಪತ್ತೇಳು ಮೆಟ್ಟಿಲು ಹತ್ತಿ ಹೋದರೆ ಅರವತ್ತೊಂದರ ವಯಸ್ಸಿನ ಗಂಡಸೊಬ್ಬರು ಮಂಡಿಯೂರಿ ನೆಲ ಒರೆಸುತ್ತಿದ್ದಾರೆ. ನೆಲ ಚದುರಂಗದ ಮಣೆಯಂತೆ ಕಪ್ಪು ಬಿಳುಪು. ಮೊದಲು ಕಪ್ಪು ಚೌಕಗಳು, ಆಮೇಲೆ ಬಿಳಿಯವು. ಕಿಟಕಿಗಳಿಗೆ ಒಳಗಿನಿಂದ ಹಲಗೆ ಹೊಡೆದಿದೆ. ಗೋಡೆಗುಂಟ ನಲವತ್ತಾರು ಕುರ್ಚಿ, ಮೂರು ಎತ್ತರದ ಮೇಣದಬತ್ತಿ, ಮೂಲೆಯಲ್ಲಿ ಎರಡು ಕಲ್ಲು. ಒಂದು ಒರಟು, ಒಂದು ನುಣುಪು. ಬಾಗಿಲ ಪಕ್ಕದ ಮೊಳೆಗೆ ಒಂದು ಉದ್ದನೆಯ ಕತ್ತಿ.

ಇದು ಫ್ರೀಮೇಸನರೆಂಬ ಹಳೆಯ ಗುಪ್ತ ಸಂಘದವರ ಸಭಾಭವನ. ಇವರು ಅದರ ಹೊರಬಾಗಿಲ ಕಾವಲುಗಾರರು. ಬೀದಿಯ ಮಕ್ಕಳ ಬಾಯಲ್ಲಿ ‘ಕತ್ತಿ ಮಾಮ’. ಎಲೆಮರೆಯ ಕಾಯಿ ಎಂದು ನಾವು ಯಾರ್‍ಯಾರನ್ನೋ ಕರೆಯುತ್ತೇವೆ. ಇವರು ಎಲೆಯ ಮರೆಯಲ್ಲಷ್ಟೇ ಅಲ್ಲ, ಮುಚ್ಚಿದ ಬಾಗಿಲಿನ ಹೊರಗೆ ಇಪ್ಪತ್ತೇಳು ವರ್ಷಗಳಿಂದ ನಿಂತಿದ್ದಾರೆ.

ನೆಲ ಮುಗಿಸಿ ಅವರು ಪಕ್ಕದ ಪುಟ್ಟ ಕೋಣೆಗೆ ಹೋಗುತ್ತಾರೆ. ನಾನೂ ಹಿಂದೆ ಹೋಗುತ್ತೇನೆ, ಹೋಗಬಾರದಿತ್ತು. ಕಪ್ಪು ಬಳಿದ ಗೋಡೆ, ಒಂದು ಸ್ಟೂಲು, ಮೇಜಿನ ಮೇಲೆ ಒಂದು ತಲೆಬುರುಡೆ. ಅವರು ಅದನ್ನು ಎಡಗೈಯಲ್ಲಿ ಎತ್ತಿಕೊಂಡು ಬಟ್ಟೆಯಿಂದ ಕಣ್ಣಿನ ಗುಳಿಗಳನ್ನು ಒರೆಸತೊಡಗುತ್ತಾರೆ.

“ಹೆದರ್ಕೋಬೇಡಿ ಸಾರ್, ಪ್ಲಾಸ್ಟರ್‌ದು. ಒಂದ್ಸಲ ಕೈಜಾರಿ ಬಿದ್ದು ದವಡೆ ಮುರೀತು. ನಮ್ಮ ಸದಸ್ಯರಲ್ಲೇ ಒಬ್ರು ಹಲ್ಲಿನ ಡಾಕ್ಟ್ರು ಇದ್ದಾರೆ, ಅವರೇ ಅಂಟಿಸಿಕೊಟ್ರು. ಹೊಸದಾಗಿ ಸೇರೋರು ಇದರ ಮುಂದೆ ಸ್ವಲ್ಪ ಹೊತ್ತು ಒಬ್ರೇ ಕೂರ್ತಾರೆ. ಕೊನೆಗೆ ಎಲ್ಲಾರೂ ಇಷ್ಟೇ ಅಂತ ನೆನಪಿರ್ಲಿ ಅಂತ.”

ಹೊರಗಿನವರ ಕಲ್ಪನೆಗಳ ಬಗ್ಗೆ ಕೇಳಿದರೆ ಅವರಿಗೆ ನಗು ತಡೆಯುವುದಿಲ್ಲ. ದೆವ್ವದ ಪೂಜೆ, ರಕ್ತ ಕುಡಿಯುವುದು, ನೆಲದಡಿಯ ಸುರಂಗ, ಎಲ್ಲವನ್ನೂ ಕೇಳಿದ್ದಾರೆ. “ಜಗತ್ತನ್ನೇ ಆಳ್ತಾರಂತೆ! ಮೆಟ್ಟಿಲಿನ ಬಲ್ಬು ಬದಲಾಯಿಸೋಕೆ ಇವ್ರಿಗೆ ಮೂರು ಸಭೆ ಬೇಕಾಯ್ತು ಸಾರ್. ಅಲ್ಲಿವರೆಗೂ ಕತ್ತಲಲ್ಲಿ ಬಿದ್ದೋನು ನಾನು.”

ಹಾಗಾದರೆ ಒಳಗೆ ನಡೆಯುವುದೇನು? ಹಳೆಯ ಕಲ್ಲುಕುಟಿಗರ ಉಪಕರಣಗಳನ್ನು ಮುಂದಿಟ್ಟುಕೊಂಡು ನೆಟ್ಟಗೆ ಬದುಕುವ ಮಾತು. ಬಾಯಿಪಾಠ ಮಾಡಿದ ಉದ್ದುದ್ದ ಸಾಲುಗಳು. ಮುದುಕರು ಮರೆಯುತ್ತಾರೆ, ಪಕ್ಕದವರು ಪಿಸುಗುಟ್ಟುತ್ತಾರೆ. ರಾಜಕೀಯ, ಧರ್ಮದ ಜಗಳ ಒಳಗೆ ತರುವಂತಿಲ್ಲ. ದೇವರೊಬ್ಬನಿದ್ದಾನೆ ಎಂದು ನಂಬಿದರೆ ಸಾಕು, ಯಾವ ದೇವರು ಎಂದು ಯಾರೂ ಕೇಳುವುದಿಲ್ಲ. ಯಾರನ್ನೂ ಕರೆದು ಸೇರಿಸುವುದಿಲ್ಲ, ಸೇರಬೇಕೆನ್ನುವವನೇ ಬಾಯಿಬಿಟ್ಟು ಕೇಳಬೇಕು. ಕಾವಲುಗಾರರು ಮೂಲತಃ ಬಡಗಿ. ಇದೇ ಬಾಗಿಲಿನ ತಿರುಗಣಿ ಸರಿಮಾಡಲು ಬಂದವರು ಹಾಗೆ ಕೇಳಿ ಸೇರಿದರು.

ಸಭೆ ತಿಂಗಳಿಗೊಮ್ಮೆ, ಶನಿವಾರ ಬೆಳಿಗ್ಗೆ ಹತ್ತಕ್ಕೆ. ಇವತ್ತು ಅದೇ ದಿನ. ಸದಸ್ಯರಿಗೆಲ್ಲ ವಯಸ್ಸಾಗಿದೆ, ಕತ್ತಲಾದ ಮೇಲೆ ಕಣ್ಣು ಕಾಣುವುದಿಲ್ಲ. ಇವರನ್ನೂ ಸೇರಿಸಿ ಈಗ ಹನ್ನೊಂದು ಜನ. ಎಲ್ಲರೂ ಒಳಗೆ ಹೋದ ಮೇಲೆ ಬಾಗಿಲು ಮುಚ್ಚುತ್ತದೆ. ಇವರು ಕತ್ತಿ ಹಿಡಿದು ಹೊರಗೆ ನಿಲ್ಲುತ್ತಾರೆ, ಬಾಗಿಲನ್ನು ಮೂರು ಸಲ ಬಡಿಯುತ್ತಾರೆ. ಎಲ್ಲ ಸರಿಯಾಗಿದೆ, ಹೊರಗೆ ನಾನಿದ್ದೇನೆ ಎಂದು ಅರ್ಥ. ಒಳಗಿನಿಂದ ಮೂರು ಬಡಿತ ಮರಳಿ ಬರುತ್ತದೆ. ಆಮೇಲೆ ಸಭೆ ಮುಗಿಯುವವರೆಗೆ ಸೊಳ್ಳೆಯನ್ನೂ ಬಿಡುವಂತಿಲ್ಲ.

ಕೆಳಗಿನ ಎರಡು ಕೋಣೆಗಳಲ್ಲಿ ಇವರ ಸಂಸಾರ. ಸಂಸಾರವೆಂದರೆ ಹೆಂಡತಿ ಒಬ್ಬರೇ. ಕೈಗವಸು ಒಗೆದು, ಇಸ್ತ್ರಿ ಮಾಡಿ, ಜೋಡಿ ಜೋಡಿಯಾಗಿ ಮಡಚುವುದು ಅವರ ಪಾಲಿನ ಕೆಲಸ. ಮಡಚಿದ್ದನ್ನು ಮೊದಲ ಮೆಟ್ಟಿಲ ಮೇಲೆ ಇಟ್ಟು ಹಿಂದೆ ಸರಿಯುತ್ತಾರೆ. ಎರಡನೆಯ ಮೆಟ್ಟಿಲನ್ನು ಅವರು ಇಂದಿಗೂ ತುಳಿದಿಲ್ಲ.

“ನಾನು ಹತ್ತಲ್ಲಪ್ಪ,” ಎನ್ನುತ್ತಾರೆ ಅವರು, ನನಗೆ ಟೀ ಲೋಟ ಕೊಡುತ್ತಾ. ಆಮೇಲೆ, ಗಂಡ ಮೇಲಿದ್ದಾರೆಂದು ಖಚಿತಪಡಿಸಿಕೊಂಡು, ದನಿ ತಗ್ಗಿಸುತ್ತಾರೆ. “ಹೊರಗೆ ಮೂರು ಬಡೀತಾರೆ. ಒಳಗೆ ಮೂರು ಬಡೀತಾರೆ. ಪ್ರತಿ ಸಲ ಎಣಿಸ್ತೀನಿ. ಕೆಲವೊಂದ್ಸಲ ಆಮೇಲೆ ಇನ್ನೊಂದು ಕೇಳುತ್ತೆ. ಬಾಗಿಲಿನ ಕೆಳಗಡೆಯಿಂದ. ಮುಷ್ಟಿಯಲ್ಲಿ ಹೊಡೆದ ಹಾಗಲ್ಲ, ಅಂಗೈಲಿ ತಟ್ಟಿದ ಹಾಗೆ.”

ಹಳೆಯ ಮರ, ಬಿಸಿಲಿಗೆ ಹಿಗ್ಗುತ್ತದೆ, ಸದ್ದು ಮಾಡುತ್ತದೆ ಎಂದೆ. ಅವರು ತಲೆಯಾಡಿಸಿದರು. ನನ್ನ ಮಾತನ್ನು ಅವರೂ ನಂಬಲಿಲ್ಲ, ನಾನೂ ನಂಬಲಿಲ್ಲ.

ಇವರಿಗೊಂದು ಹೆಣ್ಣುಮಗುವಿತ್ತು. ಹನ್ನೊಂದು ತಿಂಗಳು, ಆಗಷ್ಟೇ ಹಿಡಿದುಕೊಂಡು ನಿಲ್ಲಲು ಕಲಿತಿತ್ತು. ಅಪ್ಪ ಕೆಲಸಕ್ಕೆ ಹೊರಟರೆ ಹಿಂದೆಯೇ ತೆವಳಿಕೊಂಡು ಹೋಗಿ ಮುಚ್ಚಿದ ಬಾಗಿಲನ್ನು ಅಂಗೈಯಿಂದ ತಟ್ಟುತ್ತಿತ್ತು. ಇಪ್ಪತ್ತೆಂಟು ವರ್ಷದ ಹಿಂದೆ ಒಂದು ಶನಿವಾರ ಅಪ್ಪ ಫ್ರೀಮೇಸನ್ ಆದರು. ಮಂಗಳವಾರ ಮಗುವಿಗೆ ಜ್ವರ ಬಂತು. ಗುರುವಾರ ಹೋಯಿತು. ಮೆದುಳು ಜ್ವರ ಎಂದರು ವೈದ್ಯರು.

ಮಣ್ಣಿಗೆ ಸಂಘದ ಹತ್ತೊಂಬತ್ತು ಮಂದಿ ಬಂದರು. ಗೌರವಕ್ಕೆಂದು ಬಿಳಿ ಕೈಗವಸು ಹಾಕಿಕೊಂಡು, ಸತ್ತ ಸದಸ್ಯರಿಗೆ ಮಾಡುವಂತೆ ಆ ಪುಟ್ಟ ಗುಂಡಿಗೂ ಒಬ್ಬೊಬ್ಬರಾಗಿ ಒಂದೊಂದು ಹಸಿರು ಚಿಗುರು ಹಾಕಿದರು. ಮಾಡಿದ್ದು ಮಮತೆಯಿಂದ. ನೋಡಿದ ಬೀದಿಯವರಿಗೆ ಕಂಡದ್ದೇ ಬೇರೆ. ತಮ್ಮ ಪಾಲು ತೆಗೆದುಕೊಳ್ಳಲು ಬಂದಿದ್ದಾರೆ ಎಂದರು. ಆಡುವವರ ಬಾಯಿಗೆ ಬೀಗವಿಲ್ಲ. ಬಾಡಿಗೆ ಮನೆಯವರು ಜಾಗ ಖಾಲಿ ಮಾಡಿಸಿದರು. ಸಂಘ ಈ ಎರಡು ಕೋಣೆ ಕೊಟ್ಟಿತು. ಯಾವ ಸಭಾಭವನಕ್ಕೆ ಹೆದರಿದ್ದರೋ ಅದರ ಕೆಳಗೇ ಆ ತಾಯಿ ಬಂದು ಒಲೆ ಹಚ್ಚಬೇಕಾಯಿತು.

“ಬೀದಿಯವರ ಮಾತು ಬಿಡಪ್ಪ,” ಎಂದರು ಆಕೆ. “ಆ ಶನಿವಾರ ಇವ್ರೇ ಮನೆಗೆ ಬಂದು ಹೇಳಿದ್ರು. ‘ಒಳಗೆ ನನ್ನ ನಿಲ್ಲಿಸಿ ಏನು ಕೊಡ್ತೀಯಾ ಅಂತ ಕೇಳಿದ್ರು ಕಣೇ. ಕೊಡೋಕೆ ನನ್ನ ಹತ್ರ ಏನೂ ಇರ್ಲಿಲ್ಲ’ ಅಂದ್ರು. ಅಷ್ಟೇ ಅಂದು ಬಾಯಿ ಮುಚ್ಕೊಂಡ್ರು. ಗುರುವಾರ ಮಗು ಹೋಯ್ತು. ಏನು ಕೇಳಿದ್ರು, ಯಾತಕ್ಕೆ ಕೇಳಿದ್ರು, ಇವತ್ತಿನವರೆಗೂ ಹೇಳಿಲ್ಲ. ನಾನೂ ಕೇಳಿಲ್ಲ. ಹೂಂ ಅಂದುಬಿಟ್ರೆ?”

ಲೋಟ ನನ್ನ ಕೈಯಲ್ಲೇ ತಣ್ಣಗಾಯಿತು. ತಾನು ಅನ್ನ ಬಡಿಸುವ ಗಂಡ ಮಗುವನ್ನು ಕೊಟ್ಟನೋ ಇಲ್ಲವೋ ಎಂದು ತಿಳಿಯದೆ ಆಕೆ ಇಪ್ಪತ್ತೆಂಟು ವರ್ಷ ಅನ್ನ ಬಡಿಸಿದ್ದಾರೆ. ನನಗೆ ಭಯವಾಯಿತು. ಅದಕ್ಕಿಂತ ಹೆಚ್ಚು ಸಂಕಟವಾಯಿತು.

ಮೇಲೆ ಹೋಗಿ ಕಾವಲುಗಾರರನ್ನೇ ಕೇಳಿದೆ. ಇಷ್ಟು ಹೊತ್ತು ನಗುತ್ತಿದ್ದ ಮುಖ ಥಟ್ಟನೆ ಬಿಗಿದುಕೊಂಡಿತು. “ಅದು ಹೇಳೋ ಹಾಗಿಲ್ಲ ಸಾರ್. ಆಣೆ ಇದೆ.” ಕತ್ತಿಯನ್ನು ಮೊಳೆಯಿಂದ ಇಳಿಸಿ ಒರೆಸತೊಡಗಿದರು.

ಒಂಬತ್ತೂವರೆಗೆ ಸಂಘದ ಅಧ್ಯಕ್ಷರು ಬಂದರು. ನಿವೃತ್ತ ಗಣಿತದ ಮೇಷ್ಟ್ರು, ಎಂಬತ್ತರ ಹತ್ತಿರ. ಅರ್ಧದಷ್ಟು ಮೆಟ್ಟಿಲು ಹತ್ತಿ ಉಸಿರು ತೆಗೆದುಕೊಳ್ಳಲು ನಿಂತಾಗ, ಕಾವಲುಗಾರರ ಎದುರಿಗೇ, ಇದ್ದದ್ದನ್ನು ಇದ್ದ ಹಾಗೆ ಕೇಳಿಬಿಟ್ಟೆ. ಸೇರುವವನಿಗೆ ಏನು ಕೊಡು ಎನ್ನುತ್ತೀರಿ?

“ಚಿಲ್ಲರೆ ಕಾಸು,” ಎಂದರು ಮೇಷ್ಟ್ರು. “ಒಳಗೆ ಬಿಡೋಕೆ ಮುಂಚೆ ಅವನ ಮೈಮೇಲಿರೋ ಕಾಸು, ಉಂಗುರ, ವಾಚು, ಎಲ್ಲಾ ತೆಗೆಸ್ತೀವಿ. ಆಮೇಲೆ ನಿಲ್ಲಿಸಿ, ಬಡವರಿಗೆ ಏನಾದ್ರೂ ಕೊಡಪ್ಪ ಅಂತೀವಿ. ಅವನು ಜೇಬು ತಡಕ್ತಾನೆ, ಏನೂ ಇರಲ್ಲ. ಬರಿಗೈಲಿರೋನ ನಾಚಿಕೆ ಒಂದು ನಿಮಿಷ ಅವನಿಗೂ ಗೊತ್ತಾಗ್ಲಿ ಅಂತ. ನನ್ನನ್ನೂ ಕೇಳಿದ್ರು. ಎಲ್ಲಾರನ್ನೂ ಕೇಳ್ತಾರೆ. ಇವತ್ತಿನವರೆಗೆ ಯಾರೂ ಏನೂ ಕೊಟ್ಟಿಲ್ಲ.”

“ಇದು ಗುಟ್ಟಲ್ವಾ?” ಎಂದೆ ನಾನು.

“ಇದರಲ್ಲೇನು ಗುಟ್ಟು? ಅಂಗಡೀಲಿ ಮಾರೋ ಪುಸ್ತಕದಲ್ಲಿದೆ. ಒಬ್ಬರನ್ನೊಬ್ರು ಗುರುತಿಸೋ ಕೈಕುಲುಕು, ಒಂದೆರಡು ಮಾತು, ಅಷ್ಟೇ ನಮ್ಮ ಗುಟ್ಟು.”

ಕಾವಲುಗಾರರು ಮೆಟ್ಟಿಲ ಮೇಲೆ ಕುಸಿದು ಕುಳಿತರು. ಕತ್ತಿ ತೊಡೆಯ ಮೇಲಿತ್ತು. “ನಾನು ಅವಳಿಗೆ ಅರ್ಧ ಹೇಳಿಬಿಟ್ಟಿದ್ದೆ ಮೇಷ್ಟ್ರೇ,” ಎಂದರು. “ಬೆಳಿಗ್ಗೆ ಆಣೆ ಇಟ್ಟು ಸಂಜೇನೇ ಬಾಯಿಬಿಟ್ಟೆ. ಐದು ದಿನಕ್ಕೆ ಮಗು ಹೋಯ್ತು. ಆಣೆ ಮುರಿದಿದ್ದಕ್ಕೇ ಹೋಯ್ತು ಅಂದ್ಕೊಂಡೆ. ಇನ್ನರ್ಧಾನೂ ಹೇಳಿದ್ರೆ ಅವಳೂ ಹೋಗ್ತಾಳೆ ಅಂತ...”

ಊರಿನ ಮೂಢನಂಬಿಕೆಗೆಲ್ಲ ನಗುತ್ತಿದ್ದ ಮನುಷ್ಯ ಎಲ್ಲಕ್ಕಿಂತ ಕೆಟ್ಟದ್ದೊಂದನ್ನು ತಮ್ಮ ಎದೆಯಲ್ಲೇ ಬಚ್ಚಿಟ್ಟುಕೊಂಡಿದ್ದರು. ಮೇಷ್ಟ್ರು ಅವರ ಪಕ್ಕದಲ್ಲೇ ಕುಳಿತರು. “ಮಗು ಮೇಲೆ ಕೈ ಹಾಕೋ ಆಣೆ ನಮ್ಮಲ್ಲಿ ಇಲ್ಲಪ್ಪ. ಇದ್ದಿದ್ರೆ ಮೊದಲು ಎದ್ದು ಹೋಗ್ತಿದ್ದೋನು ನಾನು,” ಎಂದರು. “ಸಭೆ ಮುಗೀಲಿ. ಆಮೇಲೆ ಆ ತಾಯೀನ ಮೇಲಕ್ಕೆ ಕರ್ಕೊಂಡ್ ಬಾ.”

ಹನ್ನೆರಡೂವರೆಗೆ ಸದಸ್ಯರೆಲ್ಲ ಹೊರಟರು. ಕಾವಲುಗಾರರು ಕೆಳಗಿಳಿದು, ಹಿತ್ತಲ ಬಾಗಿಲಲ್ಲಿ ನಿಂತು, ಇನ್ನರ್ಧ ಮಾತನ್ನು ಹೇಳಿ ಮುಗಿಸಿದರು. ನಾನು ದೂರ ನಿಂತಿದ್ದೆ. ಆಕೆ ಅಳಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಮೆಟ್ಟಿಲ ಕಡೆ ನಡೆದರು. ಎರಡನೆಯ ಮೆಟ್ಟಿಲ ಮುಂದೆ ಒಂದು ಕ್ಷಣ ನಿಂತರು. ಆಮೇಲೆ ಎಲ್ಲೂ ನಿಲ್ಲಲಿಲ್ಲ.

ಮೇಣದಬತ್ತಿಗಳು ಆರಿದ್ದವು, ಬತ್ತಿಯ ವಾಸನೆ ಇನ್ನೂ ಇತ್ತು. “ಎಲ್ಲಿ ನಿಲ್ಲಿಸಿ ಕೇಳಿದ್ರು?” ಎಂದರು ಆಕೆ. ಗಂಡ ಈಶಾನ್ಯದ ಮೂಲೆ ತೋರಿಸಿದರು. ಆಕೆ ಹೋಗಿ ಅಲ್ಲೇ ನಿಂತರು. ತಮ್ಮ ಎರಡೂ ಅಂಗೈ ಬಿಚ್ಚಿ ನೋಡಿಕೊಂಡರು.

“ಚಿಲ್ಲರೆ ಕಾಸಾ?”

“ಹೂಂ. ಚಿಲ್ಲರೆ ಕಾಸು.”

“ಇಪ್ಪತ್ತೆಂಟು ವರ್ಷ ರೀ,” ಎಂದರು ಆಕೆ. ಬಾಗಿಲ ಕಡೆ ತಿರುಗಿ, “ನೀವು ಹೊರಗೆ ಹೋಗಿ ಬಾಗಿಲು ಹಾಕ್ಕೊಂಡು ಬಡೀರಿ. ಯಾವಾಗ್ಲೂ ಕೆಳಗಿಂದಾನೇ ಕೇಳಿದ್ದೀನಿ. ಒಳಗಿಂದ ಹೇಗಿರುತ್ತೆ ನೋಡ್ತೀನಿ.”

ನಾವಿಬ್ಬರೂ ಹೊರಗೆ ಬಂದೆವು. ಬಾಗಿಲು ಮುಚ್ಚಿತು. ಕಾವಲುಗಾರರು ಅಭ್ಯಾಸಬಲದಿಂದ ಕತ್ತಿ ಹಿಡಿದು ನೆಟ್ಟಗೆ ನಿಂತರು. ಮೂರು ಸಲ ಬಡಿದರು. ಒಳಗಿನಿಂದ ಒಂದು, ಎರಡು, ಮೂರು. ಅವರ ಮುಖದಲ್ಲಿ ನಗು ಮೂಡುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಕೇಳಿಸಿತು. ಕೆಳಗೆ, ನಮ್ಮ ಮಂಡಿಗಿಂತ ಕೆಳಗೆ. ಅಂಗೈಯಿಂದ ತಟ್ಟಿದ ಹಾಗೆ.

ಬಾಗಿಲು ತೆರೆಯಿತು. “ಕೊನೇದು ನೀವಾ ತಟ್ಟಿದ್ದು?” ಎಂದರು ಆಕೆ.

“ನೀನಲ್ವಾ?”

ಇಬ್ಬರೂ ಬಾಗಿಲಿನ ಕೆಳಭಾಗವನ್ನೇ ನೋಡುತ್ತಾ ನಿಂತರು. ನಾನು ಒಂದು ಮೆಟ್ಟಿಲು ಕೆಳಗಿಳಿದಿದ್ದೆ, ಯಾವಾಗ ಇಳಿದೆನೋ ಗೊತ್ತಿಲ್ಲ. ಕಾವಲುಗಾರರು ಕತ್ತಿಯನ್ನು ಮೊಳೆಗೆ ನೇತುಹಾಕಿದರು. ಮೂಲೆಯಲ್ಲಿದ್ದ ಮರದ ಬೆಣೆಯೊಂದನ್ನು ತಂದು, ಬಾಗಿಲು ಮುಚ್ಚಿಕೊಳ್ಳದಂತೆ ಅದರ ಅಡಿಗೆ ಒತ್ತಿ ಕೂರಿಸಿದರು. ಬಡಗಿಯ ಕೈ, ಬಾಗಿಲು ಅಲ್ಲಾಡಲಿಲ್ಲ.

“ಇಪ್ಪತ್ತೇಳು ವರ್ಷದಲ್ಲಿ ಒಬ್ಬರನ್ನೂ ತಪ್ಪಿ ಒಳಗೆ ಬಿಟ್ಟಿಲ್ಲ ಸಾರ್, ಬೇಕಿದ್ರೆ ಬರ್ಕೊಳ್ಳಿ,” ಎಂದರು ನನಗೆ. ಆಮೇಲೆ ಹೆಂಡತಿಯ ಕಡೆ ತಿರುಗಿದರು. “ಇವತ್ತು ಮಾತ್ರ ಬಾಗಿಲು ಹೀಗೇ ಇರ್ಲಿ ಕಣೇ. ಅವಳ ಕೈಗೆ ಚಿಲಕ ಎಟುಕಲ್ಲ.”