ಆ ಪಿತ್ತಕೋಶ ಯಾರದು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ಪೆಥಾಲಜಿಸ್ಟ್ ಆಗಿದ್ದೆ. ಆಪರೇಶನ್ ಮಾಡಿ ತೆಗೆದದ್ದನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುವ ಕೆಲಸ. ಒಮ್ಮೆ ಕರಜಗಿಯ ಕುರಿ ಸಾಕುವ ಮನೆತನದ ಹೆಣ್ಣುಮಗಳೊಬ್ಬಳ ಪಿತ್ತಕೋಶ ಬಂತು. ಅದರಲ್ಲಿ ಹಳ್ಳು, ಅಂದರೆ ಪಿತ್ತದ ಕಲ್ಲು, ಆಗಿ ನೋವು ತಾಳಲಾರದೆ ತೆಗೆಸಿಕೊಂಡಿದ್ದಳು. ಒಳಪದರದ ಒಂದು ಕಡೆ ಜೀವಕೋಶಗಳು ಸಾಲು ತಪ್ಪಿ ಒಂದರ ಮೇಲೊಂದು ಏರಿದ್ದವು. ನನಗೆ ಅನುಮಾನ ಬಂತು.

"ಹಳ್ಳ ತಿಕ್ಕಿ ತಿಕ್ಕಿ ಹಂಗಾಗಿರ್ತದ, ಬಿಡ್ರಿ," ಎಂದರು ಸರ್ಜನ್.

ಇರಬಹುದು. ಆದರೆ ಕ್ಯಾನ್ಸರಿನತ್ತ ಹೊರಳುವ ಜೀವಕೋಶಗಳಲ್ಲಿ ಒಂದು ಪ್ರೋಟೀನ್ ಜಮೆಯಾಗುತ್ತದೆ, ವಿಶೇಷ ಬಣ್ಣ ಹಾಕಿದರೆ ಅದು ಕಂದುಬಣ್ಣವಾಗಿ ಕಾಣುತ್ತದೆ ಎಂದು ಆಗ ಓದುತ್ತಿದ್ದೆವು. ಆ ಪರೀಕ್ಷೆ ನಮ್ಮಲ್ಲಿರಲಿಲ್ಲ. ಒಂದು ತುಣುಕನ್ನು ಮುಂಬೈಗೆ ಕಳಿಸಿದೆ.

ಸುದ್ದಿ ಅವಳ ಗಂಡನಿಗೆ ಮುಟ್ಟಿತು. ಸರ್ಜನ್ ಕೊಟ್ಟಿದ್ದ ಹಳ್ಳಿನ ಬಾಟಲಿ ಹಿಡಿದೇ ನನ್ನ ಕೋಣೆಗೆ ಬಂದ.

"ಡಾಕ್ಟರ ಬಾಯಾರ, ಹಳ್ಳ ನಮಗ ಕೊಟ್ರಿ. ಪಿತ್ತದ ಚೀಲ ಮುಂಬೈಕ ಯಾಕ ಕಳಿಸಿದ್ರಿ? ಮಾರಾಕ?"

"ಸಣ್ಣ ತುಣಕ ಅಷ್ಟರೀ. ತಪಾಸ ಮಾಡಸಾಕ."

"ಅದು ನಮ್ಮಾಕಿಂದೇ ಅಂತ ನಿಮಗ ಹೆಂಗ ಗೊತ್ತು? ಬೀರಪ್ಪನ ಆಣಿ ಮಾಡಿ ಹೇಳ್ರಿ."

ಸಿಟ್ಟು ಬಂತು. ಆದರೆ ಅವನು ಹೊರಗೆ ಹೋದ ಮೇಲೆ ಆ ಮಾತೇ ಕೊರೆಯತೊಡಗಿತು. ಅದೇ ದಿನ ನಗರದ ಕಾರಕೂನನೊಬ್ಬನ ಪಿತ್ತಕೋಶವೂ ಬಂದಿತ್ತು. ಡಬ್ಬಿಗಳಿಗೆ ಹೆಸರಿನ ಚೀಟಿ ಅಂಟಿಸುವಾಗ ನಾನಿರಲಿಲ್ಲ. ಕಪಾಟಿನಿಂದ ಎರಡೂ ಡಬ್ಬಿ ಇಳಿಸಿ, ಹೊರಗೆ ಬೆಂಚಿನ ಮೇಲೆ ಕುಳಿತಿದ್ದವನನ್ನು ಕರೆದೆ. ಅವಳ ಹೆಸರಿನ ಡಬ್ಬಿಯ ಪಿತ್ತಕೋಶದ ಕುತ್ತಿಗೆಯಲ್ಲಿ ಒಂದು ಹಳ್ಳು ಸಿಕ್ಕಿಕೊಂಡಿತ್ತು. ಚಿಮಟಿಗೆಯಿಂದ ತೆಗೆದೆ. ಕಂದುಬಣ್ಣ, ಮೂಲೆಮೂಲೆ. ಅವನ ಬಾಟಲಿಯಲ್ಲಿದ್ದವೂ ಹಾಗೇ. ಕಾರಕೂನನ ಡಬ್ಬಿಯಲ್ಲಿದ್ದದ್ದು ಬಿಳಿಚಿದ ಗುಂಡನೆಯ ಒಂದೇ ಹಳ್ಳು. ಗಂಡ ಚಿಮಟಿಗೆಯ ಹಳ್ಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿಯೇ ನೋಡಿದ.

"ಆಕಿಂದೇ ಅದ," ಎಂದು ಹಳ್ಳನ್ನು ನನಗೆ ತಿರುಗಿ ಕೊಟ್ಟ. ಡಬ್ಬಿ ಅದಲುಬದಲಾಗಿಲ್ಲವೆಂದು ನನಗೆ ಸಮಾಧಾನವಾಯಿತು.

ಮುಂಬೈಯಿಂದ ಉತ್ತರ ಬಂತು: ನನಗೆ ಅನುಮಾನವಿದ್ದ ಜಾಗವೆಲ್ಲ ಕಂದು. ಅದೊಂದನ್ನೇ ನಂಬಲು ಮನಸ್ಸಾಗಲಿಲ್ಲ. ಉಳಿದ ಪಿತ್ತಕೋಶವನ್ನೆಲ್ಲ ಕೊಯ್ದು ನೋಡಿದೆ. ಕ್ಯಾನ್ಸರು ಒಳಪದರದಲ್ಲೇ ಇತ್ತು, ಕೆಳಗಿನ ಸ್ನಾಯುವಿಗೆ ಇಳಿದಿರಲಿಲ್ಲ. ಪಿತ್ತಕೋಶದ ಜೊತೆ ಅದೂ ಹೊರಬಂದಿತ್ತು. ಸರ್ಜನ್ ಕೂಡ ಬಂದು ನೋಡಿ ಒಪ್ಪಿದರು. ಮತ್ತೆ ಆಪರೇಶನ್ ಬೇಕಾಗಲಿಲ್ಲ.

ಮುಂದಿನ ತಪಾಸಣೆಗೆ ಗಂಡನ ಜೊತೆ ಬಂದ ಅವಳೇ ನನ್ನೆದುರು ಕುಳಿತಳು.

"ಈತ ಏನೋ ಮುಚ್ಚಿ ಇಟ್ಟಾನ. ನೀವರೆ ಖರೇ ಹೇಳ್ರಿ."

ಎಲ್ಲ ಹೇಳಿದೆ. ಕೇಳಿಸಿಕೊಂಡು ಗಂಡನತ್ತ ತಿರುಗಿದಳು.

"ನನ್ನ ಹೊಟ್ಟಿದು ನನಗ ಹೇಳಲಿಕ್ಕೆ ನಿನಗೇನಾಗಿತ್ತು?"

ಮುಂದೆ ಎಷ್ಟೋ ವರ್ಷ ಬಂದಳು, ಆರೋಗ್ಯವಾಗಿಯೇ ಇದ್ದಳು. ಸೋನೋಗ್ರಾಫಿಯ ರಿಪೋರ್ಟನ್ನು ನಾನು ಓದಿ ಹೇಳಿದ ಮೇಲೆ ದಾರಿಯ ಅಕ್ಕಲಕೋಟೆಯಲ್ಲಿ ಇಳಿದು, ಅದನ್ನೇ ಇನ್ನೊಬ್ಬ ಡಾಕ್ಟರಿಂದ ಓದಿಸಿಯೇ ಊರಿನ ಬಸ್ಸು ಹತ್ತುತ್ತಿದ್ದಳಂತೆ.