ಇಬ್ಬರು ಶರಣಪ್ಪರು, ಒಂದು ಹೊಸ ವರ್ಶನ್

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಮುಲುಂಡಿನ ನಮ್ಮ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತಿದ್ದೆ. ಫೋನು ಗುಂಯ್ ಎಂದಿತು. ಹಿಂದಿನ ದಿನವಷ್ಟೇ ಮಗಳು ಬಂದು ಅದಕ್ಕೆ ಏನೋ ಹೊಸ ವರ್ಶನ್ ಹಾಕಿಕೊಟ್ಟು ಹೋಗಿದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಒಂದು ಉಮೇದು ಇರುತ್ತದಲ್ಲ, ಆ ಉಮೇದಿನಲ್ಲಿ ಅದು ನನ್ನ ಫೋನಿನೊಳಗೆಲ್ಲ ಗುಡಿಸಿ ಸಾರಿಸಿ ಬಂದು ನನ್ನನ್ನು ಒಂದು ಪ್ರಶ್ನೆ ಕೇಳಿತು. ಕೇಳಿದ್ದು ಇಂಗ್ಲಿಷಿನಲ್ಲಿ, ಅರ್ಥ ಇಷ್ಟು: ‘ಶರಣಪ್ಪ ಕೋಟನೂರ, ಶರಣಪ್ಪ ಕೋಟನೂರ. ಎರಡೂ ಒಂದೇ ತರ ಇವೆ. ಸೇರಿಸಿ ಒಂದು ಮಾಡಲೇ?’

ನನಗೆ ನಗು ತಡೆಯಲಾಗಲಿಲ್ಲ. ಒಳಗಿನಿಂದ ಹೆಂಡತಿ ಕೇಳಿದಳು, “ಯಾರದ್ದು ಫೋನು?”

“ಶರಣಪ್ಪನದ್ದು.”

“ಯಾವ ಶರಣಪ್ಪ?”

“ಅದನ್ನೇ ಇದೂ ಕೇಳ್ತಾ ಉಂಟು,” ಎಂದೆ.

ನಿಮಗೆ ಇದರಲ್ಲಿ ನಗುವುದೇನಿದೆ ಅನ್ನಿಸಬಹುದು. ಸ್ವಲ್ಪ ಹಿಂದಕ್ಕೆ ಹೋಗಬೇಕು. ತೊಂಬತ್ತರ ದಶಕ ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲಕ್ಕೆ.

ನಾನು ಓದಿದ್ದು ಏಳನೆಯ ತರಗತಿಯವರೆಗೆ. ಇದನ್ನು ತಲೆ ತಗ್ಗಿಸಿ ಹೇಳುವುದಿಲ್ಲ; ಆಮೇಲೆ ಕಲಿತದ್ದನ್ನೆಲ್ಲ ನಾನೇ ದುಡಿದು ಕಲಿತೆ ಎಂದು ಸ್ವಲ್ಪ ಎದೆ ಉಬ್ಬಿಸಿಯೇ ಹೇಳುತ್ತೇನೆ. ಉಡುಪಿ ಕಡೆಯಿಂದ ಬಂದು ಸಾಂತಾಕ್ರೂಜಿನ ಹೋಟೆಲಿನಲ್ಲಿ ವರ್ಷಗಟ್ಟಲೆ ಸಪ್ಲೈ ಮಾಡಿದವ ನಾನು. ನನ್ನ ಗಂಟಲಿಗೆ ಆ ರಸ್ತೆಯಲ್ಲಿ ಒಂದು ಹೆಸರಿತ್ತು. ಒಂಬತ್ತು ಟೇಬಲಿನ ಆರ್ಡರನ್ನು ಚೀಟಿ ಇಲ್ಲದೆ ಒಂದೇ ಉಸಿರಿನಲ್ಲಿ ಅಡುಗೆಮನೆಗೆ ಕೂಗಿ ಹೇಳುತ್ತಿದ್ದೆ. ಸಂಜೆ ಟೈಪಿಂಗ್ ಕ್ಲಾಸಿಗೆ ಹೋದೆ. ಇಂಗ್ಲಿಷ್ ಅಕ್ಷರಗಳನ್ನು ನಾನು ಹೋಟೆಲಿನ ಮೆನು ಹಲಗೆಯಲ್ಲಿ ಕಲಿತವ. ಟೈಪ್‌ರೈಟರಿನಲ್ಲಿ ಅವೆಲ್ಲ ದಿಕ್ಕಾಪಾಲಾಗಿ ಕೂತಿದ್ದನ್ನು ಕಂಡು, ಇದನ್ನು ಮಾಡಿದವನಿಗೆ ನನಗಿಂತ ಕಡಿಮೆ ಓದು ಎಂದುಕೊಂಡು ಧೈರ್ಯ ತಂದುಕೊಂಡೆ.

ನಮ್ಮ ಹೋಟೆಲಿನ ಧಣಿಗಳು ಮುಲುಂಡಿನಲ್ಲಿ ಒಂದು ಟ್ರಸ್ಟಿನ ಮುಖ್ಯಸ್ಥರಾಗಿದ್ದರು. ರಕ್ತ ಕೊಡುವವರ ಹೆಸರು, ವಿಳಾಸ, ಗುಂಪು ಎಲ್ಲ ಬರೆದಿಟ್ಟುಕೊಂಡು, ಯಾವ ಆಸ್ಪತ್ರೆಯಿಂದ ಫೋನು ಬಂದರೂ ಹತ್ತಿರದ ದಾನಿಯನ್ನು ಹುಡುಕಿ ಕಳಿಸುವ ಕೆಲಸ. ಅಲ್ಲಿಗೆ ಕಂಪ್ಯೂಟರ್ ಬಂದಾಗ ಧಣಿಗಳು ನನ್ನನ್ನು ಕರೆದು, “ನಿನಗೆ ಟೈಪ್ ಬರ್ತದಲ್ಲ ಮಾರಾಯ, ಹೋಗಿ ಕೂತ್ಕೋ,” ಎಂದರು. ಹಾಗೆ ನಾನು ಆಪರೇಟರ್ ಆದೆ. ಊರಿಗೆ ಬರೆದ ಕಾಗದದಲ್ಲಿ ಹೆಸರಿನ ಕೆಳಗೆ ‘ಆಪರೇಟರ್’ ಎಂದು ಸೇರಿಸಿದೆ. ಅಮ್ಮ ಆಪರೇಶನ್ ಮಾಡುವವ ಎಂದು ತಿಳಿದು ನಾಲ್ಕು ಮನೆಗೆ ಹೇಳಿ ಬಂದಿದ್ದಳು. ನಾನೂ ಬೇಗ ತಿದ್ದಲು ಹೋಗಲಿಲ್ಲ.

ಕಂಪ್ಯೂಟರಿನ ಮೇಲ್ವಿಚಾರಣೆ ಪದ್ಮಿನಿ ಮೇಡಂ ಅವರದ್ದು. ಮೈಸೂರಿನವರು, ಮುಲುಂಡಿನಲ್ಲೇ ಸೊಸೈಟಿಯಲ್ಲಿ ಮನೆ, ದೊಡ್ಡ ಕಂಪನಿಯಲ್ಲಿ ನೌಕರಿ. ಶನಿವಾರ ಮತ್ತು ರಜೆಯ ದಿನ ಟ್ರಸ್ಟಿಗೆ ಬಂದು ಸಂಬಳವಿಲ್ಲದೆ ದುಡಿಯುತ್ತಿದ್ದರು. ಹೆಸರುಗಳನ್ನೆಲ್ಲ ಜೋಡಿಸಿಟ್ಟುಕೊಳ್ಳುವ ಪ್ರೋಗ್ರಾಮು, ಡೇಟಾಬೇಸ್ ಅಂತಾರಲ್ಲ ಅದು, ಯಾವುದೋ ಪರದೇಶದ ವಿಶ್ವವಿದ್ಯಾಲಯದವರು ಪುಕ್ಕಟೆ ಕೊಟ್ಟದ್ದಂತೆ. ಮೇಡಂ ಅವರ ತಮ್ಮ ಅದನ್ನು ಟೇಪಿನಲ್ಲಿ ತಂದುಕೊಟ್ಟಿದ್ದರು.

ಧಣಿಗಳಿಗೆ ಇದು ಗಂಟಲಲ್ಲಿ ಇಳಿಯಲೇ ಇಲ್ಲ. “ಪುಕ್ಕಟೆಯಾ? ಅವರಿಗೆ ಏನು ಲಾಭ ಮೇಡಂ?”

“ಪುಕ್ಕಟೆ ಅಷ್ಟೇ ಅಲ್ಲ ಸರ್. ಒಳಗೆ ಹೇಗೆ ಬರೆದಿದಾರೆ ಅನ್ನೋದನ್ನೂ ಜೊತೆಗೇ ಕೊಟ್ಟಿದಾರೆ. ನಮಗೆ ಬೇಕಾದ ಹಾಗೆ ನಾವು ತಿದ್ಕೋಬಹುದು.”

ಧಣಿಗಳು ಕನ್ನಡಕ ತೆಗೆದು ಒರೆಸಿಕೊಂಡರು. “ಅಂದ್ರೆ ಸಾಂಬಾರು ಕೊಟ್ಟು, ಸಾಂಬಾರು ಪುಡಿಯ ಅಳತೆಯನ್ನೂ ಬರೆದು ಕೊಟ್ಟ ಹಾಗೆ?”

“ಹೂಂ, ಹಾಗೇ.”

“ಇಂಥವರು ಹೋಟೆಲು ಇಟ್ಟರೆ ಮೂರು ತಿಂಗಳು ಬಾಳುದಿಲ್ಲ,” ಎಂದರು ಧಣಿಗಳು. ತಮ್ಮ ಪುಡಿಯ ಅಳತೆಯನ್ನು ಹೆಂಡತಿಗೂ ಹೇಳದ ಮನುಷ್ಯ ಅವರು.

ಬಾಳಿತು. ಬಾಳಿದ್ದಷ್ಟೇ ಅಲ್ಲ, ಎರಡು ವರ್ಷದಲ್ಲಿ ಅದರ ಹೊಸ ವರ್ಶನ್ ಬಂತು. ಸಣ್ಣಪುಟ್ಟ ರಿಪೇರಿಯಲ್ಲ, ಬುಡದಿಂದ ಬದಲಾದದ್ದು. ಹಳೆಯದು ಇಟ್ಟ ಫೈಲನ್ನು ಹೊಸದು ಮುಟ್ಟುವುದೇ ಇಲ್ಲವಂತೆ. ಹಳೆಯದರ ಕೈಯಿಂದಲೇ ಎಲ್ಲವನ್ನೂ ಸಾದಾ ಸಾಲುಗಳಾಗಿ ಹೊರಗೆ ಸುರಿಸಬೇಕು, ಆಮೇಲೆ ಹೊಸದರೊಳಗೆ ತುಂಬಿಸಬೇಕು. ಡಿಸ್ಕಿನಲ್ಲಿ ಜಾಗ ಕಡಿಮೆ. ತುಂಬಿಸಿದ ಕೂಡಲೇ ಹಳೆಯದನ್ನು ಅಳಿಸಿಬಿಡೋಣ ಎಂದರು ಮೇಡಂ.

ನನಗೆ ಅದು ಸರಿಕಾಣಲಿಲ್ಲ. ನಮ್ಮ ಹೋಟೆಲಿಗೆ ಗ್ಯಾಸಿನ ಒಲೆ ಬಂದ ದಿನ ಅಡುಗೆಯ ಭಟ್ಟರು ಕಲ್ಲಿದ್ದಲಿನ ಒಲೆಯನ್ನು ಆರಿಸಲು ಬಿಟ್ಟಿರಲಿಲ್ಲ. “ಇದರ ಇಡ್ಲಿ ಉಬ್ಬಿದ್ದನ್ನು ನಾನು ಕಣ್ಣಾರೆ ನೋಡಬೇಕು, ಆಮೇಲೆ ಅದಕ್ಕೆ ನೀರು ಹಾಕು,” ಎಂದಿದ್ದರು. ಆ ಕತೆಯನ್ನು ಮೇಡಂಗೆ ಹೇಳಿದೆ. ಅವರು ನಕ್ಕು, “ಸರಿ, ನಿಮ್ಮ ಒಲೆ ಸೋಮವಾರದವರೆಗೆ ಉರೀಲಿ. ಸೋಮವಾರ ರಜೆ ಇದೆ, ಟ್ರಸ್ಟಿನೋರೆಲ್ಲ ನೋಡೋಕೆ ಬರ್ತಾರೆ. ಅವತ್ತು ಬೆಳಿಗ್ಗೆ ಅಳಿಸ್ತೀನಿ,” ಎಂದರು.

ಶನಿವಾರ ಎಲ್ಲ ಸುರಿದು ತುಂಬಿಸಿದೆವು. ಎ.ಸಿ. ಕೋಣೆಯಲ್ಲಿ ಚಪ್ಪಲಿ ಬಿಟ್ಟು, ಕಾಲು ಮರಗಟ್ಟಿಸಿಕೊಂಡು, ಟೇಪು ತಿರುಗುವುದನ್ನು ನೋಡುತ್ತ ಕೂತೆವು. ಕೊನೆಗೆ ಮೇಡಂ ಎರಡೂ ಕಡೆ ಲೆಕ್ಕ ಕೇಳಿದರು. ಹಳೆಯದು ಮೂರು ಸಾವಿರದ ನೂರ ಹದಿನೇಳು ಎಂದಿತು. ಹೊಸದು ಮೂರು ಸಾವಿರದ ನೂರ ಹದಿನಾರು ಎಂದಿತು.

ಮೇಡಂ ಏನೋ ಒತ್ತಿ ನೋಡಿದರು, ಆಮೇಲೆ ನಿರಾಳವಾದರು. “ಓ, ಇದಾ. ಹೊಸದರಲ್ಲಿ ಒಂದು ಕಟ್ಟು ಹಾಕಿದೀನಿ. ಹೆಸರು, ಹುಟ್ಟಿದ ದಿನ, ವಿಳಾಸ, ರಕ್ತದ ಗುಂಪು, ನಾಲ್ಕೂ ಒಂದೇ ಆದ್ರೆ ಒಬ್ಬರನ್ನೇ ಇಟ್ಕೊಳ್ಳತ್ತೆ. ಈ ಶರಣಪ್ಪ ಕೋಟನೂರ ಅನ್ನೋರನ್ನ ನೀವು ಎರಡು ಸಲ ಟೈಪ್ ಮಾಡಿದೀರ. ಪರವಾಗಿಲ್ಲ ಬಿಡಿ, ಎಲ್ಲರೂ ಮಾಡ್ತಾರೆ.”

ಎಲ್ಲರೂ ಮಾಡುತ್ತಾರೆ! ಬೈದಿದ್ದರೆ ಸಹಿಸುತ್ತಿದ್ದೆ. ಕಂಪ್ಯೂಟರಿನ ಒಳಗಿನದು ಅವರ ವಿದ್ಯೆ, ಒಪ್ಪಿದೆ. ಆದರೆ ಆ ಹೆಸರುಗಳು ನನ್ನ ಬೆರಳಿನಿಂದ ಒಳಗೆ ಹೋದವು.

“ಮೇಡಂ, ಎರಡು ಸಲ ಟೈಪ್ ಮಾಡಿದ್ದು ಇಬ್ಬರು ಇದ್ದದ್ದಕ್ಕೆ.”

“ಧಾರಾವಿ, ಒಂದೇ ಚಾಳು, ಒಂದೇ ತಾರೀಕು, ಇಬ್ಬರಿಗೂ ಓ ನೆಗೆಟಿವ್. ಹಾಗೆ ಇರತ್ತೇನ್ರೀ?”

ಓ ನೆಗೆಟಿವ್ ಎಂದರೆ ಚಿನ್ನ. ಯಾರಿಗೂ ಕೊಡಬಹುದಾದ ರಕ್ತ, ಸಿಗುವುದು ಅಪರೂಪ. ಅಲ್ಲದೆ ಒಮ್ಮೆ ಕೊಟ್ಟವರನ್ನು ಮೂರು ತಿಂಗಳು ಮತ್ತೆ ಕರೆಯುವ ಹಾಗಿಲ್ಲ. ಇಬ್ಬರನ್ನು ಒಬ್ಬನೆಂದು ಬರೆದಿಟ್ಟರೆ, ಒಬ್ಬ ಕೊಟ್ಟ ದಿನವೇ ಇನ್ನೊಬ್ಬನಿಗೂ ಮೂರು ತಿಂಗಳು ರಜೆ. ಅಷ್ಟರಲ್ಲಿ ಯಾವ ತಾಯಿಗೆ, ಯಾವ ಮಗುವಿಗೆ ಬೇಕಾಗುತ್ತದೋ. ಇದನ್ನೆಲ್ಲ ಹೇಳಿದೆ. ಹೇಳಿದ್ದು ನಿಜ, ಆದರೆ ಒಳಗೆ ಕುದಿಯುತ್ತಿದ್ದದ್ದು ನನ್ನ ಬೆರಳಿನ ಮಾನ ಎಂಬುದೂ ನಿಜ.

“ಸೋಮವಾರದ ಒಳಗೆ ತೋರಿಸಿ, ಸೇರಿಸ್ತೀನಿ,” ಎಂದರು ಮೇಡಂ.

ಭಾನುವಾರ ಬೆಳಿಗ್ಗೆ ಲೋಕಲ್ ಹಿಡಿದು ಸಾಯನ್‌ನಲ್ಲಿ ಇಳಿದು ಧಾರಾವಿಗೆ ನಡೆದೆ. ವಿಳಾಸದಲ್ಲಿದ್ದ ಚಾಳು ಎಂದರೆ ಸಾಲುಕೋಣೆಗಳ ಹಳೆಯ ಕಟ್ಟಡ; ಅದರ ಕೆಳಗೆ ಚರ್ಮದ ಬ್ಯಾಗು ಹೊಲಿಯುವ ಕಾರ್ಖಾನೆ. ಇಬ್ಬರು ಶರಣಪ್ಪರು ಇದ್ದಾರಲ್ಲ ಎಂದು ಬಾಗಿಲಲ್ಲಿದ್ದ ಮೇಸ್ತ್ರಿಯನ್ನು ಕೇಳಿದೆ.

“ಶರಣಪ್ಪಾ? ಏಕ್ ಹೀ ಹೈ,” ಒಬ್ಬನೇ ಇರುವುದು ಎಂದ ಆತ, ನಾನು ಎರಡು ಕೇಳಿ ದುರಾಸೆ ತೋರಿಸಿದೆನೋ ಎಂಬಂತೆ.

ಆ ಕ್ಷಣದಲ್ಲಿ ನನ್ನ ಮೇಲೆ ನನಗೇ ಸಂಶಯ ಬಂತು. ರಕ್ತದಾನ ಶಿಬಿರದಲ್ಲಿ ದಾನಿಗಳ ಕಾರ್ಡು ತುಂಬಿಸಿದ ದಿನ ಗದ್ದಲ ಬಹಳ ಇತ್ತು. ಒಂದೇ ಕಾರ್ಡನ್ನು ಎರಡು ಸಲ ಹೊಡೆದಿದ್ದರೆ? ಅಷ್ಟರಲ್ಲಿ ಅಟ್ಟದ ಏಣಿಯಿಂದ ಒಬ್ಬ ಎತ್ತರದ ಆಸಾಮಿ ಇಳಿದು ಬಂದ.

“ಶರಣಪ್ಪ ನಾನ ನೋಡ್ರಿ. ಏನಾಗಬೇಕಿತ್ತರೀ?”

“ಇನ್ನೊಬ್ಬ ಶರಣಪ್ಪ ಎಲ್ಲಿ?”

“ಇನ್ನೊಬ್ಬಾಂವ? ಇಲ್ಲಿ ನಾ ಒಬ್ಬಾಂವನ ಶರಣಪ್ಪ,” ಎಂದು ನನ್ನ ಮುಖ ನೋಡಿದ. ನನ್ನ ಮುಖ ಹೇಗಾಗಿತ್ತೋ, ಪಾಪ ಅನ್ನಿಸಿರಬೇಕು. ಹೊರಗೆ ತಿರುಗಿ ಕೂಗಿದ. “ಏ ಸಣ್ಣಾ, ನಳ ಬಿಟ್ಟು ಬಾರಲೇ. ನಿನ್ನ ಹೆಸರು ಕೇಳ್ಕೊಂಡು ಬಂದಾರ.”

ತಲೆಯಿಂದ ನೀರು ಸುರಿಯುತ್ತಿದ್ದ, ಸೋಪು ಪೂರ್ತಿ ಹೋಗದ, ಗಿಡ್ಡನೆಯ ಮನುಷ್ಯ ಟವೆಲು ಸುತ್ತಿಕೊಂಡು ಬಂದ. ನನ್ನ ಜೀವನದಲ್ಲಿ ಅಷ್ಟು ಚೆಂದದ ಮನುಷ್ಯನನ್ನು ನಾನು ಕಂಡಿಲ್ಲ.

ಅಣ್ಣತಮ್ಮಂದಿರ ಮಕ್ಕಳು ಅವರು, ಕಲಬುರಗಿ ಕಡೆಯವರು. ಗಿಡ್ಡನವನನ್ನು ಕಾರ್ಖಾನೆಯಲ್ಲಿ ಎಲ್ಲರೂ ‘ಸಣ್ಣ’ ಎಂದೇ ಕರೆಯುವುದಂತೆ. “ನಮ್ಮ ಮುತ್ಯಾನ ಹೆಸರ್ರಿ,” ಎಂದು ದೊಡ್ಡ ಶರಣಪ್ಪ ಅಜ್ಜನನ್ನು ನೆನೆದ. “ನಮ್ಮಪ್ಪನೂ ಇಟ್ಟ, ಕಾಕಾನೂ ಇಟ್ಟ. ಯಾರೂ ಬಿಟ್ಟುಕೊಡಲಿಲ್ಲ.”

“ಹುಟ್ಟಿದ ದಿನವೂ ಒಂದೇಯಾ?”

“ಸಾಲಿಗೆ ಹಾಕಿದ್ದು ಒಂದ ದಿನರೀ. ಮಾಸ್ತರ ಜೂನ್ ಒಂದು ಅಂತ ಬರಕೊಂಡ. ಹುಟ್ಟಿದ್ದು ಯಾರಿಗೆ ಗೊತ್ತು?”

“ನನ್ನದೂ ಜೂನ್ ಒಂದೇ,” ಎಂದೆ. ಮೂವರೂ ಒಬ್ಬರನ್ನೊಬ್ಬರು ನೋಡಿದೆವು. ಎಷ್ಟೋ ದಿನದ ನೆಂಟರು ಸಿಕ್ಕ ಹಾಗಾಯಿತು. ಚಹಾ ಬಂತು. ಕಂಪ್ಯೂಟರಿನ ಸಂಗತಿ ಹೇಳಿದಾಗ ಸಣ್ಣವ ಬಹಳ ಹೊತ್ತು ಯೋಚಿಸಿ ಕೇಳಿದ, “ನಾವಿಬ್ಬರೂ ಅದಕ್ಕ ಒಬ್ಬಾಂವ ಹಂಗ ಕಂಡೇವೇನ್ರಿ? ಊಟಕ್ಕ ಕುಂತಾಗ ಬಂದು ನೋಡಂತ ಹೇಳ್ರಿ.”

ಸೋಮವಾರ ಬೆಳಿಗ್ಗೆ ಇಬ್ಬರನ್ನೂ ಇಸ್ತ್ರಿ ಅಂಗಿ ಹಾಕಿಸಿ ಲೋಕಲಿನಲ್ಲಿ ಮುಲುಂಡಿಗೆ ಕರೆತಂದೆ. ಟ್ರಸ್ಟಿನವರೆಲ್ಲ ಕೂತಿದ್ದರು. ಎ.ಸಿ. ಕೋಣೆಯ ಬಾಗಿಲು ತೆಗೆದು ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ, ಹೋಟೆಲಿನ ಹಳೆಯ ಗಂಟಲು ತೆಗೆದು ಕೂಗಿದೆ, “ಎರಡು ಶರಣಪ್ಪ!”

ಧಣಿಗಳು ಕುರ್ಚಿಯಲ್ಲೇ ಅಲುಗಾಡಿ ನಕ್ಕರು. ಮೇಡಂ ಎದ್ದು ನಿಂತು ಇಬ್ಬರಿಗೂ ಕೈಮುಗಿದರು. ಜೂನ್ ಒಂದರ ಕತೆ ಕೇಳಿ ಅವರಿಗೆ ನಂಬಲಾಗಲಿಲ್ಲ. “ನಮ್ಮಲ್ಲಿ ಗಳಿಗೆ ಸಮೇತ ಬರೆದಿಡ್ತಾರೆ, ಹಾಗಾಗಿ ನಂಗೆ ಹೊಳೀಲೇ ಇಲ್ಲ,” ಎಂದರು. ಕೂತು, ಜೂನ್ ಒಂದರಂದು ಹುಟ್ಟಿದವರೆಲ್ಲ ಬನ್ನಿ ಎಂದು ಯಂತ್ರವನ್ನು ಕೇಳಿದರು. ಪರದೆ ತುಂಬಿತು. ತುಂಬಿ ಮೇಲಕ್ಕೆ ಓಡತೊಡಗಿತು, ನಿಲ್ಲಲೇ ಇಲ್ಲ. ಮೇಡಂ ತಾವು ಹಾಕಿದ್ದ ಕಟ್ಟನ್ನು ತಾವೇ ಬಿಚ್ಚಿದರು. ಪ್ರತಿ ಮನುಷ್ಯನಿಗೂ ಅವನದೇ ಒಂದು ನಂಬರು ಕೊಟ್ಟು ಮತ್ತೆ ತುಂಬಿಸಿದರು. ಮೂರು ಸಾವಿರದ ನೂರ ಹದಿನೇಳು.

“ನಿಮ್ಮ ಬೆರಳೇ ಸರಿ ಕಣ್ರೀ,” ಎಂದರು.

ಆ ಮಾತಿನ ಅಮಲು ಕಾಲು ಗಂಟೆ ಇತ್ತು. ಆ ಓಡುತ್ತಿದ್ದ ಸಾಲುಗಳನ್ನು ಮತ್ತೆ ತೆಗೆದು ನಿಧಾನವಾಗಿ ನೋಡುತ್ತಿದ್ದ ಮೇಡಂ, “ಇಲ್ಲಿ ನಿಮ್ಮ ಹೆಸರೂ ಇದೆ. ವಿಳಾಸ ಸಾಂತಾಕ್ರೂಜ್ ಹೋಟೆಲು ಅಂತಿದೆಯಲ್ಲ?” ಎಂದರು. ನಾನು ಹೋಟೆಲಿನ ವಾಸ ಬಿಟ್ಟು ಮುಲುಂಡಿನಲ್ಲಿ ಕೋಣೆ ಹಿಡಿದು ವರ್ಷ ಒಂದೂವರೆ ಆಗಿತ್ತು. ಅಷ್ಟೂ ಜನ ಮನೆ ಬದಲಿಸಿದ್ದನ್ನು ತಪ್ಪದೆ ತಿದ್ದಿದವ ನನ್ನದನ್ನು ಮರೆತಿದ್ದೆ. “ಪರವಾಗಿಲ್ಲ ಬಿಡಿ,” ಎಂದು ಮೇಡಂ ನಿಲ್ಲಿಸಿದರು. ಉಳಿದ ಅರ್ಧವನ್ನು ಸಣ್ಣ ಶರಣಪ್ಪ ಮುಗಿಸಿದ: “ಎಲ್ಲಾರೂ ಮಾಡ್ತಾರ್ರಿ.” ಬರುವಾಗ ರೈಲಿನಲ್ಲಿ ನಾನೇ ಅವನಿಗೆ ಮೇಡಂ ಹಾಗಂದರೆಂದು ದೂರು ಹೇಳಿದ್ದೆ.

ಹಳೆಯದನ್ನು ಅಳಿಸುವ ಗುಂಡಿಯನ್ನು ಮೇಡಂ ನನ್ನ ಕೈಯಲ್ಲೇ ಒತ್ತಿಸಿದರು. ಇಡ್ಲಿ ಉಬ್ಬಿದ್ದನ್ನು ಕಣ್ಣಾರೆ ನೋಡಿ ಆಗಿತ್ತು.

ಆಮೇಲೆ ಎಷ್ಟೋ ವರ್ಷ ಜೂನ್ ಒಂದರಂದು ನಾವು ಮೂವರೂ ಸಾಯನ್ ಸ್ಟೇಶನ್ನಿನ ಹೊರಗೆ ಸೇರಿ ಬಿಸಿ ಜಿಲೇಬಿ ತಿನ್ನುತ್ತಿದ್ದೆವು. ಈಚೆಗೆ ಮಂಡಿನೋವು, ಸಕ್ಕರೆ ಕಾಯಿಲೆ ಎಂದು ಅದು ತಪ್ಪಿಹೋಗಿದೆ. ಫೋನು ಮಾಡಿಯೂ ಬಹಳ ದಿನವಾಯಿತು.

ಬಾಲ್ಕನಿಯಲ್ಲಿ ಕೂತು ಆ ಪ್ರಶ್ನೆಯನ್ನು ಮತ್ತೊಮ್ಮೆ ಓದಿದೆ. ಆಗಿನದು ಕೇಳದೇ ಒಬ್ಬನನ್ನು ಬಿಟ್ಟುಬಿಟ್ಟಿತ್ತು. ಇದು ಪಾಪ, ಕೇಳಿಯಾದರೂ ಕೇಳಿತು. ಕೇಳದಿದ್ದರೆ ನನಗೆ ಇವತ್ತು ಅವರ ನೆನಪಾದರೂ ಎಲ್ಲಿ ಆಗುತ್ತಿತ್ತು? ‘ಬೇಡ’ ಎಂಬುದನ್ನು ಒತ್ತಿ, ಎರಡರಲ್ಲಿ ಮೇಲಿದ್ದ ನಂಬರಿಗೆ ಫೋನು ಮಾಡಿದೆ.

“ಹಲೋ, ಯಾರ್ರಿ?”

“ಶರಣಪ್ಪ ಇದ್ದಾನಾ?”

ದನಿ ಗುರುತು ಸಿಕ್ಕಿರಬೇಕು, ಕೆಮ್ಮಿನೊಳಗಿನಿಂದ ನಗು ಎದ್ದು ಬಂತು. “ಯಾವ ಶರಣಪ್ಪ ಬೇಕ್ರಿ?”

“ಇಬ್ಬರೂ,” ಎಂದೆ.