ಕಾಕ ಹೊಲಿದ ಮೂರಕ್ಷರ

ಹೋದ ವಾರ ಕುವೈತಿನ ಖೈತಾನಿನಲ್ಲಿ, ನಮ್ಮ ಬೀದಿಯ ಚಪ್ಪಲಿ ರಿಪೇರಿಯವನ ಮುಂದೆ ಒಂಟಿಕಾಲಲ್ಲಿ ನಿಂತಿದ್ದೆ. ಬಾರು ಕಿತ್ತ ಚಪ್ಪಲಿ ಅವನ ಮಡಿಲಲ್ಲಿತ್ತು. ಅವನು ದಾರವನ್ನು ಒಂದು ಹಳದಿ ಮೇಣದ ತುಂಡಿನ ಮೇಲೆ ಎರಡು ಸಲ ಎಳೆದ. ಬಿಸಿಲಿಗೆ ಮೆತ್ತಗಾಗಿದ್ದ ಆ ಜೇನುಮೇಣದ ವಾಸನೆ ಬಂತು ನೋಡಿ... ನನಗೆ ಚಪ್ಪಲಿಯ ಚಿಂತೆಯೇ ಹೋಯಿತು. "ಮೇಡಂ, ಹೋ ಗಯಾ" ಎಂದು ಅವನು ಎರಡು ಸಲ ಹೇಳಬೇಕಾಯಿತು.

ಅದು ಕಾಕನ ವಾಸನೆ. ಕ್ಲಬ್ಬಿನ ಹಿಂದಿನ ಗೋದಾಮು, ಹಳೆಯ ಹೊಲಿಗೆ ಮೆಷಿನ್ನು, ನೆಲದ ತುಂಬ ಹರಡಿದ ಬಿಳಿ ಹಾಯಿ, ಅದರ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತ ಕಾಕ.

ಕೊಲ್ಲಿ ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ನಾನು ಕುವೈತಿಗೆ ಬಂದೆ. ಗಂಡನಿಗೆ ಜಾಬ್ರಿಯಾದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ನನಗೆ ಕಡಲ ದಂಡೆಯ ಒಂದು ಕ್ಲಬ್ಬಿನ ಆಫೀಸಿನಲ್ಲಿ ಟೈಪಿಂಗ್, ಫೋನು, ಫ್ಯಾಕ್ಸು. ಮೂಲ್ಕಿಯ ಕಡಲ ಬದಿಯಲ್ಲೇ ಹುಟ್ಟಿ ಬೆಳೆದರೂ, ಹಾಯಿದೋಣಿ ಓಡಿಸುವುದು ಒಂದು ಆಟ, ಅದರಲ್ಲೂ ದೇಶದೇಶಗಳ ನಡುವೆ ಪಂದ್ಯ ನಡೆಯುತ್ತದೆ ಎಂದು ನನಗೆ ತಿಳಿದದ್ದು ಅಲ್ಲಿಯೇ. ಒಂದು ದೋಣಿ, ಒಂದು ಹಾಯಿ, ಒಬ್ಬನೇ ಮನುಷ್ಯ. ಮೀನು ಹಿಡಿಯುವುದಿಲ್ಲ, ಸಾಮಾನು ಸಾಗಿಸುವುದಿಲ್ಲ, ಸುತ್ತು ಹಾಕಿ ವಾಪಸು ಬರುವುದು. ಊರಿಗೆ ಫೋನು ಮಾಡಿ ಹೇಳಿದಾಗ ಅಮ್ಮ ನಕ್ಕುಬಿಟ್ಟಿದ್ದಳು.

ಕಾಕ ಮಾತ್ರ ಅದನ್ನು ಆಟ ಎಂದು ಎಣಿಸಲೇ ಇಲ್ಲ. ಅವರು ಮಂಗಳೂರಿನ ಬಂದರಿನವರು, ಬ್ಯಾರಿಗಳು. ಅವರ ಬಾಪ ಬಂದರಿನಲ್ಲಿ ಮಂಜಿಗಳಿಗೆ, ಎಂದರೆ ಸರಕು ಸಾಗಿಸುವ ದೊಡ್ಡ ಹಾಯಿಹಡಗುಗಳಿಗೆ, ಹಾಯಿ ಹೊಲಿಯುತ್ತಿದ್ದವರು. ಅವುಗಳ ಕಾಲ ಮುಗಿದ ಮೇಲೆ ಮಗ ಟೈಲರ್ ಆಗಿ ಕುವೈತಿಗೆ ಬಂದು ಅರಬರ ಉದ್ದನೆಯ ಬಿಳಿ ಅಂಗಿ ಹೊಲಿಯುತ್ತ ಕುಳಿತರು. ಕ್ಲಬ್ಬಿನವರಿಗೆ ಹರಿದ ಹಾಯಿ ಸರಿಮಾಡುವವರು ಬೇಕಾಗಿದ್ದರು. ಯುದ್ಧದಲ್ಲಿ ಹೋದ ದೋಣಿಗಳು ಹೋದವು, ಉಳಿದ ಹಾಯಿಗಳು ಹೊದೆಯಲಿಕ್ಕೂ ಆಗದ ಸ್ಥಿತಿಯಲ್ಲಿದ್ದವು. ಕಾಕ ಅಂಗಿಯ ಅಂಗಡಿ ಬಿಟ್ಟು ಬಂದರು. ನಾವು ಊರವರು ಕಾಕ ಎನ್ನುತ್ತಿದ್ದೆವು, ಅರಬರಿಗೆ ಅವರು ಖಯ್ಯಾತ್, ಅಂದರೆ ಟೈಲರ್.

ಅವರಿಗೆ ಇಂಗ್ಲಿಷ್ ಬಾರದು. ಗೊತ್ತಿದ್ದದ್ದು ಮೂರೇ ಅಕ್ಷರ. ಪಂದ್ಯದ ಹಾಯಿಯ ಮೇಲೆ ದೇಶದ ಗುರುತಿನ ಮೂರು ದೊಡ್ಡ ಇಂಗ್ಲಿಷ್ ಅಕ್ಷರ ಇರಬೇಕು, ಎರಡೂ ಬದಿಗೆ. ಬೇರೆ ಕಡೆ ಅಂಟಿಸಿ ಬಿಡುತ್ತಾರಂತೆ. ಕಾಕನಿಗೆ ಅಂಟಿನ ಮೇಲೆ ನಂಬಿಕೆ ಇಲ್ಲ. ಅಂಟಿಸಿ, ಅದರ ಅಂಚಿಗೆ ಸುತ್ತಲೂ ಹೊಲಿಯುತ್ತಿದ್ದರು. ಎರಡೂ ಬದಿಯ ಅಕ್ಷರಗಳು ಬೆನ್ನಿಗೆ ಬೆನ್ನು ಕೂರುವಂತೆ ಇಟ್ಟು, ಒಂದೇ ಹೊಲಿಗೆಯಲ್ಲಿ ಎರಡನ್ನೂ ಹಿಡಿಸುವುದು ಅವರ ಕೈಚಳಕ. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ನಮ್ಮ ಬಾಪ ಹೊಲಿದ ಹಾಯಿಯಲ್ಲಿ ಹೆಸರು ಇರ್ಲಿಲ್ಲ ಅಕ್ಕ. ಇದ್ರಲ್ಲಿ ಉಂಟು. ಹೆಸರು ಬಿದ್ದು ಹೋದ್ರೆ ಮರ್ಯಾದೆ ಯಾರ್ದು ಹೋಗುದು?" ಎನ್ನುತ್ತಿದ್ದರು.

ಯಾರ ಹೆಸರು, ಯಾರ ಮರ್ಯಾದೆ ಎಂದು ನಾನು ಕೀಟಲೆ ಮಾಡುತ್ತಿದ್ದೆ. ನಮ್ಮ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಮುಗಿದರೆ ಮರುದಿನ ನಮ್ಮನ್ನು ಕೇಳುವವರಿಲ್ಲ. ಆದರೂ ಕಾಕ "ನಮ್ಮ ಟೀಮು" ಎಂದೇ ಹೇಳುತ್ತಿದ್ದರು. ಆ ಟೀಮು ಹೊರದೇಶಕ್ಕೆ ಹೋದರೆ ಫಲಿತಾಂಶದ ಪಟ್ಟಿಯನ್ನು ಕೆಳಗಿನಿಂದ ಓದುವುದೇ ನನಗೆ ಸುಲಭವಾಗಿತ್ತು. ಮುತ್ತು ತೆಗೆದ, ನಮ್ಮ ಮಂಗಳೂರಿಗೆ ಖರ್ಜೂರ ತಂದು ಹಂಚು ಮರ ಒಯ್ದ ನಾವಿಕರ ಮೊಮ್ಮಕ್ಕಳು ಅವರು. ಎಣ್ಣೆ ಬಂದ ಮೇಲೆ ಕಡಲು ಅವರಿಗೆ ರಜೆಯ ಜಾಗವಾಗಿತ್ತು. ಈಗ ಒಂದು ಚಿಕ್ಕ ದೇಶದ ಬೆರಳೆಣಿಕೆಯ ಹುಡುಗರು ಅಜ್ಜಂದಿರ ಕಡಲನ್ನು ಮತ್ತೆ ಕಲಿಯುತ್ತಿದ್ದರು.

ಅವರಲ್ಲಿ ಒಬ್ಬ, ಸರಕಾರಿ ಕೆಲಸದಲ್ಲಿದ್ದ ಇಪ್ಪತ್ತೈದರ ತರುಣ, ನಿಜವಾಗಿ ದೋಣಿ ಓಡಿಸುವುದರಲ್ಲಿ ನಿಪುಣ. ಸಂಜೆ ಕಡಲಿನಿಂದ ಬಂದವನು ಒದ್ದೆ ಬಟ್ಟೆಯಲ್ಲೇ ಗೋದಾಮಿಗೆ ಹೋಗಿ ಕಾಕನ ಎದುರು ಕೂರುತ್ತಿದ್ದ. ತನ್ನ ಹಾಯಿ ಹರಿದರೆ ತಾನೇ ಹೊಲಿಯಬೇಕು ಎಂದು ಕಾಕ ಎಲ್ಲರಿಗೂ ಹೇಳಿ ನೋಡಿದ್ದರು. ಮನೆಯಲ್ಲಿ ಗುಂಡಿ ಹಾಕಲಿಕ್ಕೂ ಆಳಿರುವ ಹುಡುಗರು ನಕ್ಕು ಹೋಗಿದ್ದರು. ಇವನೊಬ್ಬ ಕಲಿತ. ದಾರವನ್ನು ಮೇಣಕ್ಕೆ ಎಳೆಯುವುದು, ಸೂಜಿಯನ್ನು ಅಂಗೈಯಿಂದ ಒತ್ತುವುದು... ಇಬ್ಬರೂ ಮುರುಕು ಹಿಂದಿಯಲ್ಲಿ ಜಗಳವಾಡುತ್ತ ಹೊಲಿಯುತ್ತಿದ್ದರು.

ಏಷ್ಯಾದ ದೇಶಗಳೆಲ್ಲ ಸೇರುವ ಒಂದು ದೊಡ್ಡ ಪಂದ್ಯಕ್ಕೆ ಆ ವರ್ಷ ಇವನು ಆಯ್ಕೆಯಾದ. ಅಲ್ಲಿ ಮೇಲಿನ ಸಾಲಿನಲ್ಲಿ ಬಂದರೆ ವಿಶ್ವಮಟ್ಟದ ಪಂದ್ಯಕ್ಕೆ ದಾರಿ. ಹೊಸ ಹಾಯಿ ಒಂದೇ ಒಂದು ಇತ್ತು. ನಿಯಮಗಳ ಕಾಗದ ಫ್ಯಾಕ್ಸಿನಲ್ಲಿ ಬಂತು. ನಾನು ಗೋದಾಮಿಗೆ ಒಯ್ದು ಕಾಕನಿಗೆ ಓದಿ ಹೇಳಿದೆ. ಅಕ್ಷರದ ಎತ್ತರ ಇಷ್ಟು, ಅಗಲ ಇಷ್ಟು, ಬಣ್ಣ ಇಂಥದ್ದು. ಕೊನೆಗೊಂದು ಸಾಲಿತ್ತು: ಬಲಬದಿಯ ಅಕ್ಷರಗಳು ಎಡಬದಿಯವಕ್ಕಿಂತ ಮೇಲಿರಬೇಕು.

ಕಾಕ ಕತ್ತರಿ ಕೆಳಗಿಟ್ಟರು. "ಅದು ಬೇರೆ ಎಂತದ್ದೋ ಇರ್ಬೇಕು ಅಕ್ಕ. ಅಂಗಿಯ ಒಂದು ಕೈ ಉದ್ದ, ಒಂದು ಕೈ ಗಿಡ್ಡ ಮಾಡ್ಲಿಕ್ಕೆ ಯಾರಾದ್ರೂ ಹೇಳ್ತಾರಾ?"

ನನಗೂ ಹೌದೆನಿಸಿತು. ಇಲ್ಲಿನ, ಅಕ್ಕಪಕ್ಕದ ದೇಶಗಳ ಚಿಕ್ಕ ಪಂದ್ಯಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. "ಬೇರೆ ಜಾತಿಯ ದೋಣಿಗೆ ಇರ್ಬೇಕು ಕಾಕ" ಎಂದು ಕಾಗದ ಮಡಚಿದೆ. ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಚಹಾದ ಹೊತ್ತಾಗಿತ್ತು.

ಪಂದ್ಯದ ಹಿಂದಿನ ದಿನ ಮಧ್ಯಾಹ್ನ, ಪಂದ್ಯ ನಡೆಯುವ ದೇಶದಿಂದ ಫೋನು ಬಂತು. ಎರಡೂ ಬದಿಯ ಅಕ್ಷರ ಒಂದೇ ಎತ್ತರದಲ್ಲಿವೆ ಎಂದು ಅಳತೆ ನೋಡುವವರು ಹಾಯಿಯನ್ನು ತಿರಸ್ಕರಿಸಿದ್ದರು. ಸಂಜೆಯೊಳಗೆ ಸರಿಮಾಡಿ ತಂದರೆ ಸರಿ, ಇಲ್ಲವಾದರೆ ಅವನು ನೀರಿಗೆ ಇಳಿಯುವಂತಿಲ್ಲ. ಬರೀ ಅಂಟಿಸಿದ್ದರೆ ಕಿತ್ತು ಬೇರೆ ಕಡೆ ಅಂಟಿಸಬಹುದಿತ್ತು. ಕಾಕನ ಹೊಲಿಗೆ ಅಲ್ಲವೇ, ಕೀಳುವುದು ಹೇಗೆ?

ನಮ್ಮ ಮುದೀರ್, ಅಂದರೆ ಮ್ಯಾನೇಜರ್, ಕಾಕನನ್ನು ಕರೆಸಿ ಆಫೀಸು ಅದುರುವಂತೆ ಕೂಗಾಡಿದರು. ಕಾಗದ ಓದಿ ಹೇಳಿದ್ದು ಯಾರು ಎಂದು ಕೇಳಿದರು. ನಾನು ಎರಡು ಮಾರು ದೂರದಲ್ಲಿ ಟೈಪ್‌ರೈಟರಿನ ಹಿಂದೆ ಇದ್ದೆ. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ.

"ಓದಿ ಹೇಳಿದ್ದು ಸರಿ ಉಂಟು. ತಪ್ಪು ನನ್ದು" ಎಂದರು ಕಾಕ, ಹಿಂದಿಯಲ್ಲಿ ಒಮ್ಮೆ, ಮತ್ತೆ ನನ್ನ ಕಡೆ ನೋಡದೆ ನಮ್ಮ ಮಾತಿನಲ್ಲಿ ಒಮ್ಮೆ.

ನಾನು ಬಾಯಿ ಬಿಡಲಿಲ್ಲ. ಇಷ್ಟು ವರ್ಷಗಳ ನಂತರ ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

"ಖಲಾಸ್, ಇನ್ನು ಹಾಯಿ ಮುಟ್ಟಬೇಡ" ಎಂದರು ಮುದೀರ್. ಕಾಕ ಫೋನು ಕೈಗೆ ತೆಗೆದುಕೊಂಡರು. ಆಚೆ ತುದಿಯಲ್ಲಿ ಆ ತರುಣ. ಬ್ಲೇಡಿನಿಂದ ಒಂದು ಬದಿಯಲ್ಲಿ ಮೂರು ಹೊಲಿಗೆಗೆ ಒಂದರಂತೆ ಕತ್ತರಿಸು, ಇನ್ನೊಂದು ಬದಿಯ ದಾರ ಹಿಡಿದು ಎಳೆ, ಬಟ್ಟೆಯನ್ನು ಎಳೆಯಬೇಡ. ಎರಡೂ ಬದಿಯವು ಒಟ್ಟಿಗೆ ಬಿಡುತ್ತವೆ. ಒಂದನ್ನು ಮೇಲೆ, ಒಂದನ್ನು ಕೆಳಗೆ ಅಂಟಿಸಿ ಮೂಲೆಗಳಿಗೆ ಮಾತ್ರ ಕೈಹೊಲಿಗೆ ಹಾಕು. ಮಗುವಿಗೆ ತುತ್ತು ಕೊಡುವ ಹಾಗೆ ಒಂದೊಂದೇ ಮಾತು ಹೇಳಿದರು. "ಮೇಣ ಉಂಟಾ ನಿನ್ನತ್ರ?" ಎಂದು ಕೊನೆಗೆ ಕೇಳಿದರು. ಚೀಲದಲ್ಲಿ ಇದೆ ಎಂದನಂತೆ. ಆಗ ಮಾತ್ರ ಕಾಕನ ಮುಖ ಸ್ವಲ್ಪ ಸಡಿಲಾಯಿತು.

ಸಂಜೆಗೆ ಹಾಯಿ ಪಾಸಾಯಿತು. ಆದರೆ ಕಾಕನಿಗೆ ನೆಮ್ಮದಿ ಇರಲಿಲ್ಲ. ಹೊಲಿಗೆ ಬಿಚ್ಚಿದ ಕಡೆ ಸಾಲಾಗಿ ತೂತುಗಳು ಉಳಿದಿದ್ದವು. ಗಾಳಿ ಜೋರಾದರೆ ಅಂಚೆಚೀಟಿ ಹರಿದ ಹಾಗೆ ಹಾಯಿ ಅದೇ ಸಾಲಿನಲ್ಲಿ ಹರಿದುಹೋಗಬಹುದು. ಪಂದ್ಯ ನಡೆದಷ್ಟೂ ದಿನ ಅವರು ಮಧ್ಯಾಹ್ನ ಆಫೀಸಿನ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಎಷ್ಟನೆಯವನಾಗಿ ಬಂದ ಎಂದು ಒಂದು ದಿನವೂ ಕೇಳಲಿಲ್ಲ.

"ಅಕ್ಕ, ಅಲ್ಲಿ ಗಾಳಿ ಎಷ್ಟು ಉಂಟಂತೆ?"

ಒಂದು ದಿನ ಗಾಳಿ ಬಹಳ ಜೋರಂತೆ, ಇಬ್ಬರ ಹಾಯಿ ಕಟ್ಟುವ ಕೂವೆಕಂಬವೇ ಮುರಿಯಿತಂತೆ ಎಂದೆ. ಕಾಕ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಂದು ಊಟವನ್ನೂ ಮುಟ್ಟಲಿಲ್ಲ. ಅದೇ ದಿನ ನಮ್ಮವನು ದೊಡ್ಡ ದೊಡ್ಡ ದೇಶದವರನ್ನು ಹಿಂದೆ ಹಾಕಿ ಬಂದಿದ್ದ. ಹಾಯಿ ತಡೆದಿತ್ತು.

ಪದಕ ಬರಲಿಲ್ಲ. ಆದರೆ ವಿಶ್ವಮಟ್ಟದ ಪಂದ್ಯಕ್ಕೆ ಅವನಿಗೆ ಜಾಗ ಸಿಕ್ಕಿತು. ಫ್ಯಾಕ್ಸಿನಲ್ಲಿ ಬಂದ ಪಟ್ಟಿಯನ್ನು ನಾನು ಮೊದಲ ಸಲ ಮೇಲಿನಿಂದ ಓದಿದೆ. ಓದುತ್ತ ಓದುತ್ತ ಕಣ್ಣು ತುಂಬಿ ಬಂತು. ನನ್ನ ದೇಶವಲ್ಲ, ನನ್ನ ಧ್ವಜವಲ್ಲ, ಆದರೂ ಎಂಥ ಹೆಮ್ಮೆ ಅದು! ಎಷ್ಟೊಂದು ದೊಡ್ಡ ಕಡಲುಗಳ ದೇಶಗಳ ನಡುವೆ ಈ ಮೂರು ಅಕ್ಷರ. ಮುದೀರ್ ಅರಬಿ ಪತ್ರಿಕೆ ಹಿಡಿದು ತಾವೇ ನಡೆದುಕೊಂಡು ಗೋದಾಮಿಗೆ ಹೋದರು. ಅದುವರೆಗೆ ಅವರು ಅಲ್ಲಿಗೆ ಕಾಲಿಟ್ಟದ್ದನ್ನು ನಾನು ಕಂಡಿರಲಿಲ್ಲ. "ಭಾಯಿ, ದೇಖೋ" ಎಂದು ಪತ್ರಿಕೆಯನ್ನು ಕಾಕನ ಮುಂದೆ ಹರಡಿ, ಅವರ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತರು.

ಕಾಕ ಕನ್ನಡಕ ಏರಿಸಿ ಫೋಟೋವನ್ನು ಬಹಳ ಹೊತ್ತು ನೋಡಿದರು. ಹುಡುಗನ ಮುಖವನ್ನಲ್ಲ, ಅಕ್ಷರಗಳನ್ನು. "ಸ್ವಲ್ಪ ಓರೆ ಆಗಿದೆ" ಎಂದರು. ಆಮೇಲೆ ಹೆಗಲ ಬೈರಾಸಿನಿಂದ ಕಣ್ಣು ಒರೆಸಿಕೊಂಡರು.

ಮುಂದೆ ಅಂಥ ಪಂದ್ಯಗಳಿಗೆ ನಮ್ಮವರು ಹೋಗುತ್ತಲೇ ಇದ್ದರು. ಕಾಕ ಬಲಬದಿಯನ್ನು ಮೇಲೆ, ಎಡಬದಿಯನ್ನು ಕೆಳಗೆ ಹೊಲಿಯುತ್ತ, ಪ್ರತಿ ಸಲ ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದರು. ಕಣ್ಣು ಮಂಜಾದ ಮೇಲೆ ಊರಿಗೆ ಹೊರಟರು. ಏರ್‌ಪೋರ್ಟಿನಲ್ಲಿ ಹೇಳಿಬಿಡೋಣ ಎಂದುಕೊಂಡಿದ್ದೆ, ಆ ಕಾಗದದ ವಿಷಯ, ನನ್ನ ಮೌನದ ವಿಷಯ. ಅಷ್ಟರಲ್ಲಿ ಅವರು ನನ್ನ ಮಕ್ಕಳಿಗೆ ಬ್ಯಾಗಿನಿಂದ ಬಿಸ್ಕೆಟು ತೆಗೆದು ಕೊಡುತ್ತಿದ್ದರು, ಮಕ್ಕಳು "ಥ್ಯಾಂಕ್ಯೂ ಅಂಕಲ್" ಎನ್ನುತ್ತಿದ್ದವು... ಹೇಳಲಾಗಲಿಲ್ಲ. ಹೋದ ವರ್ಷ ಊರಿನಿಂದ ಸುದ್ದಿ ಬಂತು, ಕಾಕ ಇನ್ನಿಲ್ಲ ಎಂದು.

ಆ ತರುಣ ಈಗ ಅದೇ ಕ್ಲಬ್ಬಿನ ಕೋಚ್. ತಲೆಯಲ್ಲಿ ಅರ್ಧ ಬಿಳಿ ಕೂದಲು. ನಾನು ಆ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು. ಸಾವಿನ ಸುದ್ದಿಯನ್ನು ಅವನಿಗೆ ತಿಳಿಸಿರಲಿಲ್ಲ. ಒಂದು ಹೇಳಲು ಹೋದರೆ ಇನ್ನೊಂದನ್ನೂ ಹೇಳಬೇಕಾಗುತ್ತದೆ ಎಂಬ ಅಳುಕು. ಚಪ್ಪಲಿಯವನ ಮೇಣದ ವಾಸನೆ ಎರಡು ದಿನ ಮೂಗಿನಿಂದ ಹೋಗಲಿಲ್ಲ. ಮೂರನೆಯ ದಿನ ಟ್ಯಾಕ್ಸಿ ಹಿಡಿದು ಹೋದೆ.

ಸುದ್ದಿ ಕೇಳಿ ಅವನು ಕೈಯೆತ್ತಿ ದುವಾ ಮಾಡಿದ. ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಓದಿದ್ದು ನಾನು, ಬೇರೆ ದೋಣಿಗೆ ಎಂದದ್ದು ನಾನು, ಬೈಗುಳ ತಿಂದದ್ದು ಮಾತ್ರ ಕಾಕ.

"ಮೇಡಂ, ಆ ನಿಯಮ ನನಗೂ ಗೊತ್ತಿತ್ತು" ಎಂದ. ಹೊರಡುವ ಮುಂಚೆ ಕಾಕ ಅವನನ್ನು ಕರೆದು ಹಾಯಿ ಬಿಡಿಸಿ ತೋರಿಸಿದ್ದರಂತೆ, ಆ ಬದಿ ಒಮ್ಮೆ, ಈ ಬದಿ ಒಮ್ಮೆ, ಹೊಸ ಮಗುವನ್ನು ತೋರಿಸುವ ಹಾಗೆ. ಬಿಚ್ಚು ಎನ್ನಲು ಬಾಯಿ ಬರಲಿಲ್ಲವಂತೆ. ಅಳತೆಯವರು ಬಿಟ್ಟಾರು ಎಂದುಕೊಂಡನಂತೆ.

ಅಂದರೆ ನಾವಿಬ್ಬರೂ ಸುಮ್ಮನಿದ್ದೆವು. ತಪ್ಪು ನನ್ನದು ಎಂದವರು ಒಬ್ಬರೇ.

ಅವನು ಎದ್ದು ಕಪಾಟಿನ ಮೇಲಿನಿಂದ ಸುತ್ತಿಟ್ಟ ಹಳೆಯ ಹಾಯಿಯೊಂದನ್ನು ಇಳಿಸಿದ. ಬಿಳಿ ಬಣ್ಣ ಮಾಸಿ ಹಳದಿಯಾಗಿತ್ತು. ನಾನೊಂದು ತುದಿ, ಅವನೊಂದು ತುದಿ ಹಿಡಿದು ಕಿಟಕಿಗೆ ಅಡ್ಡವಾಗಿ ಬಿಡಿಸಿದೆವು. ಮೇಲೆ ಒಂದು ಸಾಲು ಅಕ್ಷರ, ಕೆಳಗೆ ಒಂದು ಸಾಲು, ಮೂಲೆಗಳಲ್ಲಿ ಅವನ ಸೊಟ್ಟ ಕೈಹೊಲಿಗೆ. ನಡುವೆ ಖಾಲಿ. ಹೊರಗೆ ಕಡಲಿನ ಮೇಲೆ ಮಧ್ಯಾಹ್ನದ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಆ ಖಾಲಿ ಜಾಗದಲ್ಲಿ, ಕಾಕನ ಸೂಜಿ ಹೋದ ಒಂದೊಂದು ತೂತಿನಿಂದಲೂ ಬೆಳಕು ಬರುತ್ತಿತ್ತು. ಅದೇ ಮೂರಕ್ಷರ. ಕೂದಲೆಳೆಯಷ್ಟೂ ಓರೆಯಿಲ್ಲ.

ಕೈ ಸೋತರೂ ಇಬ್ಬರೂ ಹಾಯಿಯನ್ನು ಕೆಳಗಿಳಿಸಲಿಲ್ಲ.